ಹಳೇ ರೈಫಲ್ಲಿನ ಜಾತಕ

ಚುನಾವಣೆ ದಿನಾಂಕ ಘೋಷಣೆ ಆಯಿತೆಂದರೆ ವಿಜಯಪುರ ಜಿಲ್ಲೆಯ ಪೊಲೀಸ್ ಠಾಣೆಗಳಲ್ಲಿ ಒಂದು ರಿಜಿಸ್ಟರ್ ಹೊರಬರುತ್ತದೆ. ಲೈಸನ್ಸ್ ಇದ್ದವರು ಬಂದೂಕು ಒಪ್ಪಿಸಿ ರಸೀದಿ ಒಯ್ಯಬೇಕು. ತಿಕೋಟಾ, ಬಬಲೇಶ್ವರ ಕಡೆಯ ರೈತರು ತರುವುದು ಬಹುತೇಕ ಹನ್ನೆರಡು ಬೋರಿನ ಒಂಟಿ ನಳಿಗೆ, ಜೋಡಿ ನಳಿಗೆ. ಬೆಳೆ ಕಾಯಲೆಂದು ಪಡೆದವು. ಅವುಗಳ ನಡುವೆ ಅಪರೂಪಕ್ಕೊಮ್ಮೆ ಹಳೇ ಧೋತರದಲ್ಲಿ ಸುತ್ತಿದ ರೈಫಲ್ ಒಂದು ಮೇಜಿನ ಮೇಲೆ ಬೀಳುತ್ತದೆ. ‘ಯಾವ ಕಂಪನೀದ್ರಿ ಇದು?’ ಎಂದರೆ ಉತ್ತರ ಸಿದ್ಧವಿರುತ್ತದೆ: ‘ಮೌಸರ್ ಅಂತಿದ್ರು ನಮ್ಮ ಮುತ್ಯಾ.’

ಬೋಲ್ಟ್ ಎಳೆದು ಹಾರಿಸುವ ರೈಫಲ್ಲೆಲ್ಲ ನಮ್ಮಲ್ಲಿ ಮೌಸರ್. ಮುತ್ಯಾ ಹೇಳಿದ್ದು ಸುಳ್ಳಲ್ಲ, ಆದರೆ ಅದು ಪುರಾವೆಯೂ ಅಲ್ಲ. ಒಂದು ಬಂದೂಕು ಯಾವ ಸೈನ್ಯಕ್ಕಾಗಿ, ಯಾವ ಕಾರ್ಖಾನೆಯಲ್ಲಿ, ಯಾವ ತೋಟಾಕ್ಕೆಂದು ಹುಟ್ಟಿತು ಎಂಬುದನ್ನು ಅದರ ಉಕ್ಕನ್ನೇ ನೋಡಿ ಹೇಳುವ ವಿದ್ಯೆಯೊಂದಿದೆ. ಕಾಗದ ಹರಿದಿರಬಹುದು, ಕಟ್ಟಿಗೆ ಬದಲಾಗಿರಬಹುದು, ನಳಿಗೆಯೂ ಹೊಸದಿರಬಹುದು. ನಳಿಗೆಯ ಹಿಂದಿನ ಉಕ್ಕಿನ ಒಡಲು, ಅದರೊಳಗೆ ಓಡಾಡುವ ಬೋಲ್ಟ್, ಕೆಳಗಿನ ಕುದುರೆ, ಇವಿಷ್ಟು ಸೇರಿ ಆ್ಯಕ್ಷನ್. ಅದು ಮಾತ್ರ ಹಳೆಯದೇ ಉಳಿದಿರುತ್ತದೆ.

ಎರಡು ಮಹಾಯುದ್ಧಗಳು ಮುಗಿದ ಮೇಲೆ ಯುರೋಪು, ಅಮೆರಿಕಗಳಲ್ಲಿ ಸೈನ್ಯಕ್ಕೆ ಬೇಡವಾದ ರೈಫಲ್ಲುಗಳು ಲಕ್ಷಗಟ್ಟಲೆ ಅಗ್ಗಕ್ಕೆ ಹರಾಜಾದವು. ಬಂದೂಕಿನ ಕಮ್ಮಾರರು ಅವುಗಳ ಆ್ಯಕ್ಷನ್ ಉಳಿಸಿಕೊಂಡು, ಹೊಸ ನಳಿಗೆ ತಿರುಗಿಸಿ ಕೂರಿಸಿ, ಅಕ್ರೋಟಿನ ಕಟ್ಟಿಗೆಯ ಕುಂದ ಕೆತ್ತಿ ಬೇಟೆ ರೈಫಲ್ ಕಟ್ಟುತ್ತಿದ್ದರು. ಗಿರಾಕಿ ಹಿಡಿದು ತಂದದ್ದು ಯಾವ ಆ್ಯಕ್ಷನ್ ಎಂದು ಮೊದಲು ಗೊತ್ತಾಗದೆ ಉಳಿದ ಕೆಲಸಕ್ಕೆ ಕೈ ಹಾಕುವಂತಿಲ್ಲ. ತಪ್ಪಿದರೆ ಒಡೆಯುವುದು ಮುಖದಿಂದ ಒಂದು ಗೇಣು ದೂರದಲ್ಲಿ.

ಈ ವಿದ್ಯೆ ಬಲ್ಲವರು ನಮ್ಮಲ್ಲೂ ಇದ್ದಾರೆ. ವಿಜಯಪುರದ ಇಬ್ರಾಹಿಂಪುರ ರೈಲ್ವೆ ಗೇಟಿನ ಆಚೆ, ಸೈನ್ಯದಲ್ಲಿ ಆರ್ಮರರ್, ಅಂದರೆ ಬಂದೂಕು ರಿಪೇರಿಯವರು, ಆಗಿದ್ದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಅವರ ಮುಂದೆ ಹಳೇ ರೈಫಲ್ ವಿಷಯ ತೆಗೆದರೆ ಮೊದಲ ಮಾತು ಇದು: ‘ಮೊದಲ ಖಾಲಿ ಐತೋ ಇಲ್ಲೋ ನೋಡ್ರಿ ಸರ. ಹೆಸರು ಆಮ್ಯಾಲ ಕೇಳೂಣು.’ ಪುಲ್‌ಥ್ರೂ ದಾರಕ್ಕೆ ಚಿಂದಿ ಕಟ್ಟಿ ನಳಿಗೆಯಲ್ಲಿ ಎಳೆಯದ ಹೊರತು ಅವರು ಮಾತು ಮುಂದುವರಿಸುವುದಿಲ್ಲ.

ಅವರು ಹೇಳುವ ಮೊದಲ ಗುರುತು ಮಗುವಿಗೂ ತಿಳಿಯುವಂಥದ್ದು: ಕಟ್ಟಿಗೆ ಒಂದು ತುಂಡೋ ಎರಡೋ? ಭುಜಕ್ಕೆ ಆನಿಸುವ ಕುಂದ ಬೇರೆ, ಮುಂದಿನ ಕಟ್ಟಿಗೆ ಬೇರೆ, ನಡುವೆ ಉಕ್ಕಿನ ಪಟ್ಟಿ ಕಂಡರೆ ಅದು ಲೀ-ಎನ್‌ಫೀಲ್ಡ್ ಮನೆತನದ್ದು. ಪೊಲೀಸರ ಕೈಯಲ್ಲಿ ನಾವೆಲ್ಲ ಕಂಡ ‘ತ್ರೀ ನಾಟ್ ತ್ರೀ’. ಹಿಂದಿನಿಂದ ಮುಂದಿನವರೆಗೆ ಒಂದೇ ಕಟ್ಟಿಗೆ ಇದ್ದರೆ ಮೌಸರ್ ಇರಬಹುದು ಎಂದು ಶುರುಮಾಡಬಹುದು.

ಎರಡನೆಯದು ಕೈಗೆ ತಿಳಿಯುವ ಗುರುತು. ಬೋಲ್ಟಿನ ಹಿಡಿಕೆ ಎತ್ತುವಾಗಲೇ ಒಳಗಿನ ಸ್ಪ್ರಿಂಗ್ ಬಿಗಿಯಾದರೆ 1898ರ ಜರ್ಮನ್ ಮೌಸರಿನ ಲಕ್ಷಣ. ಮುಂದಕ್ಕೆ ತಳ್ಳಿ ಮುಚ್ಚುವಾಗ ಬಿಗಿಯಾದರೆ ಲೀ-ಎನ್‌ಫೀಲ್ಡ್. ಇಲ್ಲೊಂದು ಮೋಸವಿದೆ. 1893ರ ಸ್ಪೇನಿನ ಮೌಸರ್, 1896ರ ಸ್ವೀಡನ್ ಮೌಸರ್ ಕೂಡ ಮುಚ್ಚುವಾಗಲೇ ಬಿಗಿಯಾಗುತ್ತವೆ. ಬ್ರಿಟಿಷರಿಗಾಗಿ ಅಮೆರಿಕದಲ್ಲಿ ತಯಾರಾದ ಪಿ-14 ರೈಫಲ್ಲೂ ಹಾಗೆಯೇ. ಆದ್ದರಿಂದ ಬೋಲ್ಟನ್ನು ಹೊರಗೆಳೆದು ನೋಡಲೇಬೇಕು.

ಹೊರಗೆಳೆದ ಬೋಲ್ಟ್ ಕೈಯಲ್ಲಿ ಹಿಡಿದರೆ ಅನುಮಾನ ಬಹುಪಾಲು ಹರಿಯುತ್ತದೆ. 98ರ ಮೌಸರಿನಲ್ಲಿ ಇಡೀ ಬೋಲ್ಟ್ ಒಂದೇ ಉಕ್ಕು. ತೋಟಾದ ಬೆನ್ನಿಗೆ ಒತ್ತುವ ಮುಂತುದಿಯಲ್ಲಿ ಎರಡು ಗಟ್ಟಿ ಕಿವಿ, ಅವು ಒಡಲಿನ ಉಂಗುರದೊಳಗೆ ತಿರುಗಿ ಬೀಗ ಬೀಳುತ್ತವೆ. ಹಿಂದೆ ಹಿಡಿಕೆಯ ಹತ್ತಿರ ಮೂರನೆಯದೊಂದು, ಮುಂದಿನ ಎರಡೂ ಕೈಕೊಟ್ಟರೆ ಇರಲೆಂದು. ಪಕ್ಕದಲ್ಲಿ ಉದ್ದನೆಯ ಸ್ಪ್ರಿಂಗ್ ಪಟ್ಟಿ. ಅದರ ಕೊಕ್ಕೆ ತೋಟಾದ ಅಂಚನ್ನು ಪೆಟ್ಟಿಗೆಯಿಂದ ಮೇಲೇಳುವಾಗಲೇ ಹಿಡಿದು, ಹಾರಿದ ಮೇಲೆ ಹೊರಗೆ ಎಸೆಯುವವರೆಗೂ ಬಿಡುವುದಿಲ್ಲ. ಬೋಲ್ಟಿನ ಒಡಲಲ್ಲಿ ಅನಿಲ ಹೊರಹೋಗಲು ತೂತುಗಳಿವೆ. 1893ರದಕ್ಕೆ ಆ ಮೂರನೇ ಕಿವಿ ಇಲ್ಲ. ಒಂದು ಬೆರಳಿನಲ್ಲಿ ತಡವಿ ಹೇಳಬಹುದಾದ ಈ ವ್ಯತ್ಯಾಸದ ಮೇಲೆಯೇ ಹೊಸ ಕಾಲದ ಬಿಗಿ ತೋಟಾವನ್ನು ಅದು ತಾಳೀತೋ ಇಲ್ಲವೋ ಎಂಬುದು ನಿಂತಿದೆ.

ಲೀ-ಎನ್‌ಫೀಲ್ಡಿನ ಬೋಲ್ಟ್ ಬೇರೆ ಜಾತಿ. ಮುಂದಿನ ತಲೆ ಪ್ರತ್ಯೇಕ, ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಬೀಗದ ಕಿವಿಗಳು ಹಿಂಭಾಗದಲ್ಲಿವೆ. ಹಿಡಿಕೆ ಸ್ವಲ್ಪವೇ ಎತ್ತಿದರೆ ಸಾಕು, ಕೈ ಬಲು ಬೇಗ ಓಡುತ್ತದೆ. ಪೆಟ್ಟಿಗೆಯಲ್ಲಿ ಹತ್ತು ತೋಟಾ. ಕೆಸರಿನಲ್ಲಿ ಯುದ್ಧ ಮಾಡುವ ಸಿಪಾಯಿಗೆ ಇದಕ್ಕಿಂತ ಒಳ್ಳೆಯದು ಆ ಕಾಲದಲ್ಲಿ ಇರಲಿಲ್ಲ ಎಂದು ನನ್ನ ಅಭಿಪ್ರಾಯ. ಆದರೆ ಬೀಗ ಹಿಂದಿರುವುದರಿಂದ ಹಾರುವಾಗ ಬೋಲ್ಟೂ ಒಡಲೂ ಕೂದಲೆಳೆಯಷ್ಟು ಜಗ್ಗುತ್ತವೆ. ಹೀಗಾಗಿ ಭಾರಿ ತೋಟಾದ ಹೊಸ ರೈಫಲ್ ಕಟ್ಟುವವರು ಇದನ್ನು ಬಿಟ್ಟು ಮೌಸರಿಗೋ ಪಿ-14ಕ್ಕೋ ಹೋಗುತ್ತಾರೆ. ಪಿ-14ರ ಒಡಲು ಉದ್ದ, ದಪ್ಪ, ಗಟ್ಟಿ. ಹಿಂದಿನ ಗುರಿಕಣ್ಣಿನ ಎರಡೂ ಪಕ್ಕ ಎದ್ದು ನಿಂತ ಉಕ್ಕಿನ ರೆಕ್ಕೆಗಳೇ ಅದರ ಗುರುತು. ಬೇಟೆ ರೈಫಲ್ ಮಾಡುವವರು ಮೊದಲು ಅರದಿಂದ ಉಜ್ಜಿ ತೆಗೆಯುತ್ತಿದ್ದುದು ಆ ರೆಕ್ಕೆಗಳನ್ನೇ. ರೆಕ್ಕೆ ಹೋದ ಪಿ-14 ನೋಡಿ ಮೌಸರ್ ಅಂದವರು ಬಹಳ ಜನ.

ಇನ್ನು ಮುದ್ರೆಗಳು. ತ್ರೀ ನಾಟ್ ತ್ರೀಯ ಆ ಉಕ್ಕಿನ ಪಟ್ಟಿಯ ಬಲಗಡೆ ಮಸಿ, ಎಣ್ಣೆ ಒರೆಸಿದರೆ ಒಂದು ಕಿರೀಟ ಮೂಡುತ್ತದೆ. ಕೆಳಗೆ ‘ಜಿ.ಆರ್.ಐ.’ ಇದ್ದರೆ ಅದು ಚಕ್ರವರ್ತಿ ಜಾರ್ಜನ ಹೆಸರಿನದು, ಕೋಲ್ಕತ್ತ ಬಳಿಯ ಹೂಗ್ಲಿ ದಂಡೆಯ ಇಶಾಪುರ ರೈಫಲ್ ಕಾರ್ಖಾನೆಯಲ್ಲಿ ಹುಟ್ಟಿದ್ದು. ಅದರ ಕೆಳಗೆ ಇಸವಿ, ಮಾದರಿ. ಮೂರರ ರೋಮನ್ ಅಂಕಿಯ ಪಕ್ಕ ಒಂದು ನಕ್ಷತ್ರದ ಗುರುತಿದ್ದರೆ ಮೊದಲ ಮಹಾಯುದ್ಧದ ಅವಸರದಲ್ಲಿ ಕೆಲವು ಭಾಗ ಕಳಚಿ ಸರಳ ಮಾಡಿದ ಮಾದರಿ. ಕಿರೀಟದ ಜಾಗದಲ್ಲಿ ಅಶೋಕನ ಸಿಂಹ, ಕೆಳಗೆ ‘ಆರ್.ಎಫ್.ಐ.’ ಇದ್ದರೆ ಗಣರಾಜ್ಯದ ಕೂಸು. ಎರಡು ಬಾಣದ ತುದಿ ಒಂದಕ್ಕೊಂದು ಮುಖ ಮಾಡಿ ಕೂತಿದ್ದರೆ ‘ಸರ್ಕಾರಿ ಸೇವೆಯಿಂದ ಮಾರಿದ್ದು’ ಎಂದರ್ಥ. ‘ಡಿ.ಪಿ.’ ಕಂಡರೆ ಕವಾಯತಿಗೆ ಮಾತ್ರ, ಹಾರಿಸಬಾರದು.

ಮುದ್ರೆ ಓದಲು ಕಲಿತವರಿಗೆ ಬರುವ ರೋಗವೆಂದರೆ ಮುದ್ರೆಯನ್ನೇ ನಂಬುವುದು. ವಿಜಯಪುರದವರು ಈ ರೋಗಕ್ಕೆ ಮದ್ದು ಹುಡುಕಿ ದೂರ ಹೋಗಬೇಕಿಲ್ಲ, ಷೇರ್ಜಾ ಬುರುಜಿನ ಮೆಟ್ಟಿಲು ಹತ್ತಿದರೆ ಸಾಕು. ಮಲಿಕ್-ಎ-ಮೈದಾನ್ ತೋಪಿನ ಮೇಲೆ ಎರಕ ಹೊಯ್ದ ಮಹಮ್ಮದ್ ಬಿನ್ ಹಸನ್ ರೂಮಿಯ ಹೆಸರಿದೆ. ಹೊಯ್ಯಿಸಿದ ಅಹಮದ್‌ನಗರದ ನಿಜಾಮಶಾಹಿ ದೊರೆಯ ಹೆಸರಿದೆ, ವರ್ಷ 1549. ಜೊತೆಗೆ 1686ರಲ್ಲಿ ವಿಜಯಪುರ ಗೆದ್ದ ಔರಂಗಜೇಬ ಕೆತ್ತಿಸಿದ ಸಾಲುಗಳೂ ಇವೆ. ಅದೊಂದನ್ನೇ ಓದಿದವನು ತೋಪು ಮೊಘಲರದ್ದು ಎಂದುಕೊಂಡಾನು. ಅದನ್ನು 1632ರಲ್ಲಿ ಪರಾಂಡಾ ಕೋಟೆಯಿಂದ ಇಲ್ಲಿಗೆ ಎಳೆದು ತಂದವರು ಆದಿಲ್‌ಶಾಹಿಗಳು. 1854ರಲ್ಲಿ ಕಂಪನಿ ಸರ್ಕಾರ ಅದನ್ನು ಹರಾಜಿಗಿಟ್ಟಾಗ ಬಂದ ಸವಾಲು 150 ರೂಪಾಯಿ. ಆಮೇಲೆ ಯಾರಿಗೋ ಬುದ್ಧಿ ಬಂದು ಹರಾಜು ರದ್ದಾಯಿತು. 55 ಟನ್ ತೂಕದ ಕಂಚು!

ಅಲ್ಲಿಂದ ಉಪ್ಪಲಿ ಬುರುಜಿಗೆ ಹೋಗಿ. ಮೇಲಿರುವ ಲಂಬಾ ಛಡಿ ತೋಪು ಸುಮಾರು 30 ಅಡಿ ಉದ್ದ. ಇದು ಎರಕವಲ್ಲ, ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಕಾಯಿಸಿದ ಬಳೆಗಳನ್ನು ಒಂದರ ಪಕ್ಕ ಒಂದು ಬಿಗಿದು ಮಾಡಿದ್ದು. ಶಾಸನ ಓದಲು ಬಾರದವನೂ ಈ ಎರಡು ತೋಪು ಒಂದೇ ಕುಲುಮೆಯ ಕೆಲಸವಲ್ಲ ಎಂದು ಹೇಳಬಲ್ಲ. ಮುದ್ರೆ ಯಾರ ಕೈಯಲ್ಲಿತ್ತು ಎಂಬುದನ್ನು ಹೇಳುತ್ತದೆ. ಹೇಗೆ ಹುಟ್ಟಿತು ಎಂಬುದಕ್ಕೆ ಒಡಲೇ ಸಾಕ್ಷಿ. ರೈಫಲ್ಲಿಗೂ ಇದೇ ನ್ಯಾಯ.

ಇಶಾಪುರದವರೇ ಇದನ್ನು ಚೆನ್ನಾಗಿ ತೋರಿಸಿಕೊಟ್ಟಿದ್ದಾರೆ. ಜೈಲು ಕಾವಲಿಗೆ, ಪೊಲೀಸರಿಗೆ ಎಂದು ತ್ರೀ ನಾಟ್ ತ್ರೀ ರೈಫಲ್ಲುಗಳ ನಳಿಗೆಯೊಳಗಿನ ಸುರುಳಿ ಗೀರು ಕೊರೆದು ನುಣುಪು ಮಾಡಿ, .410 ಮಸ್ಕೆಟ್ ಎಂದು ಕರೆದರು. ತೋಟಾ ಪೆಟ್ಟಿಗೆಗೆ ಮರದ ತುಂಡು ತುರುಕಿ ಒಂದೊಂದೇ ಹಾರಿಸುವಂತೆ ಮಾಡಿದರು. ಹೊರಗಿನಿಂದ ಎಲ್ಲವೂ ಅದೇ, ಕಿರೀಟ ಅದೇ, ಇಸವಿ ಅದೇ. ನಳಿಗೆಯೊಳಗೆ ಬೆಳಕಿಗೆ ಹಿಡಿದು ನೋಡಿದರೆ ಮಾತ್ರ ಸುರುಳಿ ಗೀರುಗಳಿಲ್ಲ. ಮತ್ತೆ 1962ರ ಚೀನಾ ಯುದ್ಧದ ನಂತರ ಅದೇ ಒಡಲನ್ನು ಇನ್ನೂ ಗಟ್ಟಿ ಉಕ್ಕಿನಲ್ಲಿ ಮಾಡಿ 7.62 ಮಿ.ಮೀ. ತೋಟಾಕ್ಕೆ ಹೊಂದಿಸಿದರು. 2ಎ ಎಂದು ಅದರ ಹೆಸರು. ಪೆಟ್ಟಿಗೆ ಚೌಕ, ಹನ್ನೆರಡು ತೋಟಾ ಹಿಡಿಯುತ್ತದೆ. ಹಳೆಯ ತ್ರೀ ನಾಟ್ ತ್ರೀ ಒಡಲಿಗೆ ಹೀಗೇ ಮಾಡಬಹುದಲ್ಲ ಎಂದುಕೊಳ್ಳುವವರು ಆ ‘ಗಟ್ಟಿ ಉಕ್ಕಿನಲ್ಲಿ’ ಎಂಬ ಮಾತನ್ನು ಇನ್ನೊಮ್ಮೆ ಓದಿಕೊಳ್ಳಬೇಕು.

ನಮ್ಮ ಠಾಣೆಗಳಲ್ಲಿ ಕಾಣುವ ನಾಗರಿಕರ ರೈಫಲ್ ತ್ರೀ ನಾಟ್ ತ್ರೀ ಅಲ್ಲ, .315. ನೋಡಲು ಅಣ್ಣತಮ್ಮಂದಿರು. ಇದಕ್ಕೆ ಕಾರಣ ಬ್ರಿಟಿಷರ ಭಯ. ಸೈನ್ಯದ ತೋಟಾ ಕಳ್ಳತನವಾದರೆ ಅದು ಹೊಂದುವ ಬಂದೂಕು ಜನರ ಕೈಯಲ್ಲಿ ಇರಬಾರದೆಂದು ಸೈನಿಕ ಅಳತೆಗಳನ್ನು ನಾಗರಿಕರಿಗೆ ಮುಚ್ಚಿದರು. 1907ರಲ್ಲಿ .450 ಅಳತೆಯನ್ನೂ ಭಾರತದಲ್ಲಿ ನಿಷೇಧಿಸಿದಾಗ ಲಂಡನ್ನಿನ ಬಂದೂಕು ಅಂಗಡಿಗಳು .470, .465 ಎಂದು ಹೊಸ ಅಳತೆಗಳನ್ನೇ ಹುಟ್ಟಿಸಿದವು. ಲೀ ಆ್ಯಕ್ಷನ್ನಿಗೆ ಆಸ್ಟ್ರಿಯಾದ ಮ್ಯಾನ್‌ಲಿಕರ್ ರೈಫಲ್ಲಿನ 8 ಮಿ.ಮೀ. ತೋಟಾ ಹೊಂದಿಸಿದಾಗ ಆದದ್ದೇ .315. ಸ್ವಾತಂತ್ರ್ಯದ ನಂತರ ನಮ್ಮ ಆರ್ಡ್‌ನೆನ್ಸ್ ಕಾರ್ಖಾನೆಗಳು ಅದನ್ನೇ ಮುಂದುವರಿಸಿದವು. ಹಾಗೆ ನೋಡಿದರೆ ಸೈನ್ಯದ ಆ್ಯಕ್ಷನ್ ಮೇಲೆ ಬೇಟೆ ರೈಫಲ್ ಕಟ್ಟುವ ಕಸುಬನ್ನು ನಮ್ಮಲ್ಲಿ ನಡೆಸಿದ್ದು ಕಮ್ಮಾರನಲ್ಲ, ಸರ್ಕಾರ.

ಆ ಭಯದ ಮೂಲ ನಮ್ಮ ಪಕ್ಕದಲ್ಲೇ ಇದೆ. 1857ರಲ್ಲಿ ನಿಶ್ಶಸ್ತ್ರೀಕರಣ ಕಾಯಿದೆ ಬಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಹತಾರ ಕೊಡುವುದಿಲ್ಲವೆಂದು ನಿಂತರು. ಊರು ಸುಟ್ಟಿತು, ಹಲವರಿಗೆ ಗಲ್ಲಾಯಿತು. ಲಾವಣಿಕಾರರ ಬಾಯಲ್ಲಿ ಅವರು ಇಂದಿಗೂ ಇದ್ದಾರೆ. ಅತ್ತ ಕೊಡಗಿನವರಿಗೆ 1861ರಲ್ಲಿ ಅದೇ ಕಾಯಿದೆಯಿಂದ ವಿನಾಯಿತಿ ಸಿಕ್ಕಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಏರಿಸಿ ಪೂಜಿಸುವ ಮನೆಗಳು ಅಲ್ಲಿ ಈಗಲೂ ಇವೆ. ಹಳೇ ಬಂದೂಕಿನ ಜ್ಞಾನ ಮನೆಮನೆಯಲ್ಲಿ ಉಳಿದಿದ್ದರೆ ಕರ್ನಾಟಕದಲ್ಲಿ ಅಲ್ಲಿಯೇ.

ಕನ್ನಡದ ಓದುಗರಿಗೆ ಅತಿ ಪರಿಚಿತ ಬೇಟೆಗಾರ ಬೆಂಗಳೂರಿನ ಕೆನೆತ್ ಆ್ಯಂಡರ್ಸನ್. ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ಕಾಡಿನ ಕತೆಗಳಿಂದ. ಆ್ಯಂಡರ್ಸನ್ನರ ನೆಚ್ಚಿನ ರೈಫಲ್ .405 ವಿಂಚೆಸ್ಟರ್, 1895ರ ಮಾದರಿ. ಬೋಲ್ಟ್ ಅಲ್ಲ, ಕೆಳಗಿನ ಸನ್ನೆ ಎಳೆದು ತೋಟಾ ತುಂಬುವಂಥದ್ದು. ಮೊದಲ ಮಹಾಯುದ್ಧದಲ್ಲಿ ರಷ್ಯಾ ತನ್ನ ಸೈನ್ಯಕ್ಕೆಂದು ಲಕ್ಷಗಟ್ಟಲೆ ತರಿಸಿದ್ದೂ ಇದೇ ಆ್ಯಕ್ಷನ್ನನ್ನು, ತೋಟಾ ಮಾತ್ರ ಬೇರೆ. ಒಂದೇ ಒಡಲು ಯುರೋಪಿನ ಕಂದಕದಲ್ಲೂ ಇತ್ತು, ನಮ್ಮ ಕಾಡಿನಲ್ಲೂ ಇತ್ತು.

ಈಗ 1972ರ ವನ್ಯಜೀವಿ ಕಾಯಿದೆಯಿಂದ ಬೇಟೆಯಿಲ್ಲ. ಶಸ್ತ್ರಾಸ್ತ್ರ ಕಾಯಿದೆಯ 2019ರ ತಿದ್ದುಪಡಿಯ ಪ್ರಕಾರ ಒಬ್ಬರಿಗೆ ಎರಡೇ ಬಂದೂಕು. .303 ನಿಷೇಧಿತ ಬೋರು. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದ ಕವಾಯತಿನಲ್ಲಿ ಅದಕ್ಕೆ ವಿದಾಯ ಹೇಳಿದರು. ಬಂದೂಕು ರಿಪೇರಿಗೂ ಮಾರ್ಪಾಟಿಗೂ 1959ರ ಶಸ್ತ್ರಾಸ್ತ್ರ ಕಾಯಿದೆಯಡಿ ಲೈಸನ್ಸ್ ಬೇಕು. ಮನೆಯಲ್ಲಿ ಅರ ಹಿಡಿದು ಕೂರುವಂತಿಲ್ಲ. ಭೀಮಾತೀರದ ಹೆಸರು ಪತ್ರಿಕೆಯಲ್ಲಿ ಬಂದಾಗಲೆಲ್ಲ ಕಂಟ್ರಿ ಪಿಸ್ತೂಲಿನ ಸುದ್ದಿಯೇ ಆಗಿರುವ ನಮ್ಮ ಕಡೆ ಈ ಬಿಗಿ ಅತಿ ಎಂದು ನನಗೆ ಅನಿಸಿಲ್ಲ.

ಹಾಗಾದರೆ ಈ ವಿದ್ಯೆ ಯಾರಿಗೆ ಬೇಕು? ತಂದೆ ತೀರಿಕೊಂಡ ಮೇಲೆ ರೈಫಲ್ಲನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಹೋಗುವವರಿಗೆ ಮೊದಲು ಬೇಕು. ಲೈಸನ್ಸ್ ಪುಸ್ತಕದಲ್ಲಿ ಒಂದು ಹೆಸರು, ಒಡಲ ಮೇಲೆ ಇನ್ನೊಂದು ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಲೈಸನ್ಸ್ ಪಡೆದ ಅಂಗಡಿಯವರಿಗೆ ತೋರಿಸಿ, ತೋಟಾ ಕೂರುವ ಜಾಗ ಸವೆದಿದೆಯೇ ಎಂದು ಗೇಜು ಹಾಕಿಸಿ, ಬೋಲ್ಟಿನ ಮೇಲಿನ ನಂಬರೂ ಒಡಲಿನ ನಂಬರೂ ಒಂದೇ ಇವೆಯೇ ಎಂದು ನೋಡಿಸುವುದು ಕ್ರಮ. ಬೇರೆ ಬೇರೆ ಇದ್ದರೆ ಬೋಲ್ಟ್ ಇನ್ನಾವುದೋ ರೈಫಲ್ಲಿನದು; ಗೇಜು ಹಾಕದೆ ಹಾರಿಸಬಾರದು.

ನಂಬರೇ ಇಲ್ಲದಿದ್ದರೆ? ಅಂಥದ್ದನ್ನು ಮಾರುವುದು ಅಪರಾಧ, ಉಜ್ಜಿದ್ದನ್ನು ಇಟ್ಟುಕೊಂಡರೆ ಉಜ್ಜಿದವನೂ ಅವನೇ ಎಂದು ಭಾವಿಸಲಾಗುತ್ತದೆ, ಶಸ್ತ್ರಾಸ್ತ್ರ ಕಾಯಿದೆಯ 8ನೇ ಕಲಂ. ಇಬ್ರಾಹಿಂಪುರದ ಹಿರಿಯರನ್ನು ಕೇಳಿದಾಗ ಅವರು ಕಲಂ ಗಿಲಂ ಎತ್ತಲಿಲ್ಲ. ‘ನಂಬರ್ ಉಜ್ಜಿ ತಗದಿದ್ದನ್ನ ನಾ ಕೈಯಾಗ ಹಿಡ್ಯಂಗಿಲ್ರಿ. ಮೌಸರ್ ಇರವಲ್ದ್ಯಾಕ, ಠಾಣೆಕ್ಕ ಹೋಗಿ ಕೊಟ್ಟ ಬರ್ರಿ’ ಅಂದರು.