ಊರೇ ವಾರ್ಡು: ಸಮುದಾಯ ಆರೋಗ್ಯ ನರ್ಸಿಂಗ್ ಎಂಬ ವಿದ್ಯೆ

ಸಮುದಾಯ ಆರೋಗ್ಯ ನರ್ಸಿಂಗ್ ಕಲಿಯಲು ಹಳ್ಳಿಗೆ ಹೊರಟ ವಿದ್ಯಾರ್ಥಿನಿಗೆ ಮೊದಲು ಹೇಳಿಕೊಡುವುದು ಚುಚ್ಚುಮದ್ದು ಹಾಕುವುದನ್ನಲ್ಲ, ಚೀಲ ಬಿಚ್ಚುವುದನ್ನು. ಹೆಗಲಿಗೆ ಹಾಕಿಕೊಳ್ಳುವ ಈ ಚೀಲದಲ್ಲಿ ಥರ್ಮಾಮೀಟರ್, ಹತ್ತಿ, ಬ್ಯಾಂಡೇಜು, ಪ್ರನಾಳ, ಸ್ಪಿರಿಟ್ ದೀಪ ಮುಂತಾದ ಸಾಮಾನುಗಳಿರುತ್ತವೆ. ಮನೆಯೊಳಗೆ ಹೋದ ಮೇಲೆ ಅದನ್ನು ನೆಲದ ಮೇಲಾಗಲಿ ಮಂಚದ ಮೇಲಾಗಲಿ ಹಾಗೇ ಇಡುವಂತಿಲ್ಲ. ಮಕ್ಕಳ ಕೈಗೂ ಬೆಕ್ಕು ನಾಯಿಗಳ ಮೂತಿಗೂ ಎಟುಕದ ಜಾಗ ನೋಡಿ, ಹಳೆಯ ಪತ್ರಿಕೆಯ ಹಾಳೆ ಹಾಸಿ, ಅದರ ಮೇಲಿಡಬೇಕು. ಮೊದಲು ಸಾಬೂನು, ಟವೆಲು ಮಾತ್ರ ಹೊರತೆಗೆದು ಚೀಲ ಮುಚ್ಚಬೇಕು. ಕೈ ತೊಳೆದು ಬಂದ ನಂತರವೇ ಒಳಗಿನ ಸಾಮಾನಿಗೆ ಕೈ ಹಾಕಬೇಕು. ಕೆಲಸ ಮುಗಿದ ಮೇಲೆ ಮತ್ತೆ ಕೈ ತೊಳೆತ. ಹೊರಡುವಾಗ ನೆಲಕ್ಕೆ ತಾಗಿದ ಮಗ್ಗುಲು ಒಳಗೆ ಹೋಗುವಂತೆ ಹಾಳೆಯನ್ನು ಮಡಚಬೇಕು.

ಇದೆಲ್ಲ ಮಡಿಯ ಆಚಾರದಂತೆ ಕಾಣಬಹುದು. ಆದರೆ ಕಾರಣ ಸರಳ. ಆ ಚೀಲ ಒಂದೇ ದಿನ ಹಲವು ಮನೆಗಳನ್ನು ಹೊಕ್ಕು ಬರುತ್ತದೆ. ಮೊದಲನೆಯ ಮನೆಯ ಕ್ಷಯರೋಗಿಯ ಕೋಣೆಯಿಂದ ಮೂರನೆಯ ಮನೆಯ ಹಸುಗೂಸಿನ ತೊಟ್ಟಿಲಿಗೆ ರೋಗಾಣುಗಳನ್ನು ಹೊತ್ತೊಯ್ಯುವ ವಾಹನ ಅದಾಗಬಾರದು. ಇನ್ನೊಂದು ಲಾಭವೂ ಇದೆ. ಆಸ್ಪತ್ರೆಯಲ್ಲಿ ನಲ್ಲಿ ತಿರುಗಿಸಿದರೆ ನೀರು. ಇಲ್ಲಿ ಮನೆಯವರನ್ನು ಕೇಳಿ ಪಡೆಯಬೇಕು. ಕೇಳಿದಾಗಲೇ ಆ ಮನೆಗೆ ನೀರು ಎಲ್ಲಿಂದ ಬರುತ್ತದೆ, ಅದನ್ನು ಮುಚ್ಚಿಡುತ್ತಾರೋ ಇಲ್ಲವೋ, ತೊಳೆದ ನೀರು ಹೋಗಿ ಎಲ್ಲಿ ನಿಲ್ಲುತ್ತದೆ ಎಂಬುದೆಲ್ಲ ಕಣ್ಣಿಗೆ ಬೀಳುತ್ತದೆ. ತರಬೇತಾದ ಕಣ್ಣಿಗೆ ಅಷ್ಟು ಸಾಕು, ಅರ್ಧ ವರದಿ ಸಿದ್ಧವಾದಂತೆ.

ಪಿ.ಯು.ಸಿ. ವಿಜ್ಞಾನ ಮುಗಿಸಿದ ಮಕ್ಕಳಿಗೆ ನರ್ಸಿಂಗ್ ಪದವಿಯ ವಿಚಾರ ಬಂದಾಗ ಮನೆಗಳಲ್ಲಿ ನಡೆಯುವ ಮಾತು ಹೆಚ್ಚಾಗಿ ದೊಡ್ಡ ಆಸ್ಪತ್ರೆ, ಐ.ಸಿ.ಯು., ಇಲ್ಲವೇ ವಿದೇಶದ ಕೆಲಸದ ಸುತ್ತಲೇ ತಿರುಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಪದವಿಯೊಳಗೆ ಇನ್ನೊಂದು ಶಾಸ್ತ್ರವೇ ಅಡಗಿದೆ ಎಂಬುದು ಪಾಲಕರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಅಲ್ಲಿ ರೋಗಿ ಎಂದರೆ ಒಬ್ಬ ವ್ಯಕ್ತಿಯಲ್ಲ, ಒಂದು ಊರು. ಕಾಯಿಲೆ ಬಂದವರು ಮಾತ್ರವಲ್ಲ, ಬರದೆ ಇರಬೇಕಾದವರೂ ಅದರ ಲೆಕ್ಕಕ್ಕೆ ಸೇರಿದವರೇ.

ಲಿವರ್‌ಪೂಲ್‌ನಿಂದ ಕ್ಲೋಸ್‌ಪೇಟೆಗೆ

ಮನೆಗೆ ಹೋಗಿ ಶುಶ್ರೂಷೆ ಮಾಡುವ ಪದ್ಧತಿಗೆ ವ್ಯವಸ್ಥಿತ ರೂಪ ಬಂದದ್ದು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಅಲ್ಲಿನ ವರ್ತಕ ವಿಲಿಯಂ ರಾಥ್‌ಬೋನ್, ತನ್ನ ಹೆಂಡತಿಯ ಕೊನೆಗಾಲದಲ್ಲಿ ಆರೈಕೆ ಮಾಡಿದ್ದ ಮೇರಿ ರಾಬಿನ್ಸನ್ ಎಂಬ ನರ್ಸನ್ನೇ 1859ರಲ್ಲಿ ನಗರದ ಬಡವರ ಮನೆಗಳಿಗೆ ಕಳುಹಿಸಿದ. ಇಂಥವರನ್ನು ತರಬೇತು ಮಾಡುವುದು ಹೇಗೆಂದು ಆತ ಸಲಹೆ ಕೇಳಿದ್ದು ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು. ಅಮೆರಿಕದಲ್ಲಿ 1893ರಲ್ಲಿ ನ್ಯೂಯಾರ್ಕಿನ ವಲಸೆಗಾರರ ಕೇರಿಯಲ್ಲಿ ಕೆಲಸ ಆರಂಭಿಸಿದ ಲಿಲಿಯನ್ ವಾಲ್ಡ್ 'ಸಾರ್ವಜನಿಕ ಆರೋಗ್ಯ ನರ್ಸ್' ಎಂಬ ಹೆಸರನ್ನು ರೂಢಿಗೆ ತಂದರು.

ಭಾರತದಲ್ಲಿ ಆರೋಗ್ಯ ಸಂದರ್ಶಕಿಯರಿಗಾಗಿ ದೆಹಲಿಯಲ್ಲಿ 1918ರಲ್ಲಿ ಒಂದು ಶಾಲೆ ಆರಂಭವಾಯಿತು. ಮುಂದೆ ಅದಕ್ಕೆ ಲೇಡಿ ರೀಡಿಂಗ್ ಹೆಸರು ಬಂತು. ಮೈಸೂರು ಸಂಸ್ಥಾನವೂ ಹಿಂದೆ ಬಿದ್ದಿರಲಿಲ್ಲ. 1930ರ ದಶಕದಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನೊಂದಿಗೆ ಕ್ಲೋಸ್‌ಪೇಟೆಯಲ್ಲಿ, ಎಂದರೆ ಇಂದಿನ ರಾಮನಗರದಲ್ಲಿ, ಗ್ರಾಮೀಣ ಆರೋಗ್ಯ ಘಟಕವೊಂದು ಕೆಲಸ ಮಾಡುತ್ತಿತ್ತು.

ಆದರೂ ದೇಶದ ಒಟ್ಟು ಚಿತ್ರ ಕಂಗೆಡಿಸುವಂತಿತ್ತು. ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯ ಸಮಿತಿ 1946ರಲ್ಲಿ ವರದಿ ಸಲ್ಲಿಸಿದಾಗ ಇಡೀ ಬ್ರಿಟಿಷ್ ಇಂಡಿಯಾದಲ್ಲಿ ಇದ್ದ ನರ್ಸುಗಳು ಸುಮಾರು 7,000. ಹೆಚ್ಚುಕಡಿಮೆ 43,000 ಜನರಿಗೆ ಒಬ್ಬರು! ಆರೋಗ್ಯ ಸಂದರ್ಶಕಿಯರಂತೂ 750 ಮಂದಿ. ಅದೇ 1946ರಲ್ಲಿ ದೆಹಲಿ ಮತ್ತು ವೆಲ್ಲೂರಿನಲ್ಲಿ ನರ್ಸಿಂಗ್‌ಗೆ ವಿಶ್ವವಿದ್ಯಾಲಯದ ಪದವಿ ಶಿಕ್ಷಣ ಆರಂಭವಾಯಿತು. ಅಲ್ಲಿಯವರೆಗೆ ಆಸ್ಪತ್ರೆಯ ಕೈಗೆಲಸವಾಗಿದ್ದ ವೃತ್ತಿ ಕಾಲೇಜಿನ ಮೆಟ್ಟಿಲು ಹತ್ತಿತು. ಕರ್ನಾಟಕದಲ್ಲಿ 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಈ ಪದವಿಯ ಕಾಲೇಜುಗಳು ನಡೆಯುತ್ತಿವೆ.

ಎಂಬತ್ತೈದರ ಲೆಕ್ಕ

ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ಪಠ್ಯಕ್ರಮದಂತೆ ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷಗಳ, ಎಂಟು ಸೆಮಿಸ್ಟರ್‌ಗಳ ಕೋರ್ಸು. ಸಮುದಾಯ ಆರೋಗ್ಯ ನರ್ಸಿಂಗ್ ಐದನೆಯ ಮತ್ತು ಏಳನೆಯ ಸೆಮಿಸ್ಟರ್‌ಗಳಲ್ಲಿ ಬರುತ್ತದೆ. ಕೊನೆಯ ಸೆಮಿಸ್ಟರ್‌ನ 22 ವಾರಗಳ ಇಂಟರ್ನ್‌ಶಿಪ್‌ನಲ್ಲಿ ನಾಲ್ಕು ವಾರ ಇದಕ್ಕೇ ಮೀಸಲು. ಮೊದಲ ಸೆಮಿಸ್ಟರ್‌ನಲ್ಲಿ ಸಮಾಜಶಾಸ್ತ್ರ ಏಕೆ, ಏಳನೆಯದರಲ್ಲಿ ಸಂಖ್ಯಾಶಾಸ್ತ್ರ ಏಕೆ ಎಂದು ಗೊಣಗುವ ವಿದ್ಯಾರ್ಥಿಗಳಿಗೆ ಉತ್ತರ ಸಿಗುವುದು ಈ ವಿಷಯದಲ್ಲೇ.

ಒಂದು ಉದಾಹರಣೆ ನೋಡಬಹುದು. ಬಯಲುಸೀಮೆಯಲ್ಲಿ ಆರೋಗ್ಯ ಉಪಕೇಂದ್ರವೊಂದಕ್ಕೆ ನಿಗದಿಯಾದ ಜನಸಂಖ್ಯೆ 5,000, ಗುಡ್ಡಗಾಡಿನಲ್ಲಿ 3,000. ಬಯಲಿನ ಒಂದು ಉಪಕೇಂದ್ರದಲ್ಲಿ ಜನನ ಪ್ರಮಾಣ ಸಾವಿರಕ್ಕೆ 17 ಎಂದಿಟ್ಟುಕೊಳ್ಳಿ. ವರ್ಷಕ್ಕೆ 85 ಮಕ್ಕಳು ಹುಟ್ಟಬೇಕು. ಗರ್ಭಪಾತ ಇತ್ಯಾದಿಗಳಿಗೆಂದು ಶೇಕಡಾ 10 ಸೇರಿಸಿದರೆ ವರ್ಷದಲ್ಲಿ 93 ಅಥವಾ 94 ಗರ್ಭಿಣಿಯರು ಇರಬೇಕು. ಇದು ಎಂಟನೆಯ ತರಗತಿಯ ಗಣಿತ. ಆದರೆ ನೋಂದಣಿ ಪುಸ್ತಕದಲ್ಲಿ 65 ಹೆಸರುಗಳಷ್ಟೇ ಇದ್ದರೆ? ಉಳಿದ 28 ಮಂದಿ ಎಲ್ಲಿ? ಕೆಲವರು ಪಟ್ಟಣದ ಖಾಸಗಿ ವೈದ್ಯರ ಬಳಿ ಹೋಗುತ್ತಿರಬಹುದು. ಚೊಚ್ಚಲ ಬಸುರಿಯರು ತವರಿಗೆ ಹೋಗಿರಬಹುದು. ಆದರೆ ಈ ಊರಿನ ಹೆಣ್ಣುಮಕ್ಕಳೂ ಹೆರಿಗೆಗೆ ಇಲ್ಲಿಗೇ ಬಂದಿರಬೇಕಲ್ಲವೆ? ಆ ಲೆಕ್ಕವೂ ತಾಳೆಯಾಗದಿದ್ದರೆ ಯಾವುದೋ ಕೇರಿಗೆ, ಇಟ್ಟಿಗೆ ಗೂಡಿನ ಬಳಿಯ ಗುಡಿಸಲುಗಳಿಗೆ, ಗುಳೆ ಬಂದವರ ಬಿಡಾರಕ್ಕೆ ಯಾರೂ ಕಾಲಿಟ್ಟಿಲ್ಲ ಎಂದೇ ಅರ್ಥ. ಆಸ್ಪತ್ರೆಯ ನರ್ಸ್ ಬಂದ ರೋಗಿಯನ್ನು ನೋಡಿಕೊಳ್ಳುತ್ತಾಳೆ. ಈ ನರ್ಸ್ ಬಾರದವಳನ್ನು ಹುಡುಕಿಕೊಂಡು ಹೋಗಬೇಕು. ಆ ಹುಡುಕಾಟ ಶುರುವಾಗುವುದೇ ಕಾಗದದ ಮೇಲಿನ ಒಂದು ಕಳೆಯುವ ಲೆಕ್ಕದಿಂದ.

ಸಾಂಕ್ರಾಮಿಕ ರೋಗಶಾಸ್ತ್ರದ ಪಾಠವೂ ಇದೇ ಜಾಡಿನದು. ಲಂಡನ್ನಿನ ಬ್ರಾಡ್ ಸ್ಟ್ರೀಟ್‌ನಲ್ಲಿ 1854ರಲ್ಲಿ ಕಾಲರಾ ಬಂದಾಗ ಜಾನ್ ಸ್ನೋ ಸಾವುಗಳನ್ನು ನಕ್ಷೆಯ ಮೇಲೆ ಗುರುತಿಸಿ ಒಂದು ನೀರಿನ ಪಂಪಿನತ್ತ ಬೆರಳು ತೋರಿದ. ಇಂದಿಗೂ ಊರಿನಲ್ಲಿ ವಾಂತಿಭೇದಿ ಕಾಣಿಸಿಕೊಂಡರೆ ವಿದ್ಯಾರ್ಥಿಗಳು ಮಾಡಬೇಕಾದುದು ಇದನ್ನೇ: ಬೀದಿಗಳ ನಕ್ಷೆ ಬರೆದು, ಕಾಯಿಲೆಯ ಮನೆಗಳಿಗೆ ಚುಕ್ಕೆ ಇಟ್ಟು, ನೀರಿನ ಪೈಪು ಚರಂಡಿಯನ್ನು ಎಲ್ಲಿ ಹಾಯುತ್ತದೆ ಎಂದು ನೋಡುವುದು.

ಕಪಾಟಿನ ಮೇಲಿನ ಗುಳಿಗೆ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಗರ್ಭಿಣಿಯರಲ್ಲಿ ಶೇ. 52.2ರಷ್ಟು ಮಂದಿಗೆ ರಕ್ತಹೀನತೆ. ಔಷಧ ಇಲ್ಲವೆ? ಇದೆ, ಅದೂ ಪುಕ್ಕಟೆ. ದಿನಕ್ಕೊಂದರಂತೆ 180 ದಿನ ನುಂಗಬೇಕಾದ ಕೆಂಪು ಗುಳಿಗೆ, 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುವಂಥದು. ತಾಯಿ ಕಾರ್ಡಿನಲ್ಲಿ 'ಕೊಡಲಾಗಿದೆ' ಎಂದು ಬರೆದೂ ಇರುತ್ತದೆ. ಮನೆಗೆ ಹೋಗಿ ನೋಡಿದರೆ ಗುಳಿಗೆಯ ಪಟ್ಟಿ ಹಾಗೆಯೇ ಕಪಾಟಿನ ಮೇಲೆ ಕುಳಿತಿರುತ್ತದೆ.

ಏಕೆ ನುಂಗಿಲ್ಲ ಎಂದು ಗದರಿದರೆ ಮುಂದಿನ ಸಲ ಪಟ್ಟಿಯೂ ಕಣ್ಣಿಗೆ ಬೀಳುವುದಿಲ್ಲ! ಸಮಾಧಾನದಿಂದ ಕೇಳಿದರೆ ಒಂದೊಂದಾಗಿ ಹೊರಬರುತ್ತದೆ: ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗಿ ಹೋಗುತ್ತದೆ, ಮಗು ದಪ್ಪ ಬೆಳೆದು ಹೆರಿಗೆ ಕಷ್ಟವಾದೀತೆಂದು ಅತ್ತೆಗೆ ಭಯ. ಇಲ್ಲಿ ವಿದ್ಯಾರ್ಥಿನಿಯ ರಸಾಯನಶಾಸ್ತ್ರ ಉಪಯೋಗಕ್ಕೆ ಬರುತ್ತದೆ. ದೇಹ ಹೀರಿಕೊಳ್ಳದೆ ಉಳಿದ ಕಬ್ಬಿಣದಿಂದ ಮಲ ಕಪ್ಪಾಗುವುದು, ಅದು ಅಪಾಯದ ಗುರುತಲ್ಲ. ಚಹಾದ ಒಗರು ಪದಾರ್ಥಗಳು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಆದ್ದರಿಂದ ಗುಳಿಗೆ ಮತ್ತು ಚಹಾ ಒಟ್ಟಿಗೆ ಬೇಡ. ಸುಣ್ಣದಂಶದ ಗುಳಿಗೆಯೂ ಅದೇ ಹೊತ್ತಿಗೆ ಬೇಡ. ನಿಂಬೆ, ನೆಲ್ಲಿಯ 'ಸಿ' ಜೀವಸತ್ವ ಹೀರುವಿಕೆಗೆ ಸಹಾಯಕ. ರಾತ್ರಿ ಊಟವಾದ ಮೇಲೆ ನುಂಗಿದರೆ ತೊಳಸುವುದು ಕಡಿಮೆ. ಇಷ್ಟನ್ನು ಸೊಸೆಗೆ ಹೇಳಿ ಬಂದರೆ ಸಾಲದು, ಅತ್ತೆಯನ್ನು ಕೂರಿಸಿಕೊಂಡು ಹೇಳಬೇಕು. ಇದನ್ನು ಯಾವ ವಾರ್ಡಿನಲ್ಲೂ ಕಲಿಸಲಾಗುವುದಿಲ್ಲ, ಏಕೆಂದರೆ ವಾರ್ಡಿನಲ್ಲಿ ಕಪಾಟೂ ಇಲ್ಲ, ಚಹಾದ ಪಾತ್ರೆಯೂ ಇಲ್ಲ.

ಚೀಲದಲ್ಲಿನ ಪ್ರನಾಳದ ಕೆಲಸವೂ ಕುತೂಹಲಕರ. ಗರ್ಭಿಣಿಯ ಮೂತ್ರವನ್ನು ಪ್ರನಾಳದಲ್ಲಿ ಮುಕ್ಕಾಲು ಭಾಗದಷ್ಟು ತುಂಬಿ ಮೇಲ್ಭಾಗವನ್ನು ಮಾತ್ರ ಕಾಯಿಸುತ್ತಾರೆ. ಬಿಳಿಯ ಮಸುಕು ಕಂಡರೆ ದುರ್ಬಲ ಅಸಿಟಿಕ್ ಆಮ್ಲದ ಕೆಲವು ಹನಿ ಹಾಕುತ್ತಾರೆ. ಮಸುಕು ಕರಗಿದರೆ ಅದು ಬರಿಯ ಫಾಸ್ಫೇಟ್. ಉಳಿದರೆ ಆಲ್ಬುಮಿನ್ ಎಂಬ ಪ್ರೋಟೀನ್. ಮೊಟ್ಟೆಯ ಬಿಳಿಭಾಗ ಬಿಸಿಗೆ ಗಟ್ಟಿಯಾಗುವ ತತ್ವವೇ ಇಲ್ಲಿಯದೂ. ಐದು ತಿಂಗಳು ಕಳೆದ ಗರ್ಭಿಣಿಯಲ್ಲಿ ಇದರ ಜೊತೆಗೆ ರಕ್ತದೊತ್ತಡ 140/90 ಮುಟ್ಟಿದ್ದರೆ ತಡ ಮಾಡುವಂತಿಲ್ಲ, ವೈದ್ಯರ ಬಳಿಗೆ ಕಳುಹಿಸಬೇಕು. ಅಲಕ್ಷಿಸಿದರೆ ಅಪಸ್ಮಾರದಂಥ ಸೆಳೆತ ಬಂದು ತಾಯಿ ಮಗು ಇಬ್ಬರ ಜೀವಕ್ಕೂ ಕುತ್ತು. ಈಗ ಅದ್ದಿ ನೋಡುವ ಬಣ್ಣದ ಪಟ್ಟಿಗಳು ಬಂದಿವೆ. ಆದರೂ ದೀಪ ಹಚ್ಚಿ ಮಾಡಿದವರಿಗೆ ಪಟ್ಟಿಯ ಬಣ್ಣ ಏನು ಹೇಳುತ್ತಿದೆ ಎಂಬುದು ಹೆಚ್ಚು ಮನದಟ್ಟಾಗಿರುತ್ತದೆ.

ಯಾವ ದಾರಿ, ಯಾರಿಗೆ?

ಹಳ್ಳಿಯವರು ಸಾಮಾನ್ಯವಾಗಿ 'ಸಿಸ್ಟರ್' ಅಥವಾ 'ನರ್ಸಮ್ಮ' ಎಂದು ಕರೆಯುವ ಎ.ಎನ್.ಎಂ. ತರಬೇತಿ ಎರಡು ವರ್ಷದ್ದು, ಹೆಣ್ಣುಮಕ್ಕಳಿಗೆ ಮಾತ್ರ. ಜಿ.ಎನ್.ಎಂ. ಡಿಪ್ಲೊಮಾ ಮೂರು ವರ್ಷ. ಅದನ್ನು ಮುಗಿಸಿದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಕೋರ್ಸಿನ ಮೂಲಕ ಪದವಿ ಪಡೆಯಬಹುದು. ಬಿ.ಎಸ್ಸಿ.ಗೆ ನೇರವಾಗಿ ಸೇರಲು ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು, ಸಾಮಾನ್ಯ ವರ್ಗದವರಿಗೆ ಕನಿಷ್ಠ ಶೇ. 45 ಅಂಕ ಬೇಕು. ಹುಡುಗರೂ ಸೇರಬಹುದು. ಪದವಿಯ ನಂತರ ಒಂದು ವರ್ಷದ ಅನುಭವ ಪಡೆದವರಿಗೆ ಎರಡು ವರ್ಷದ ಎಂ.ಎಸ್ಸಿ.ಯಲ್ಲಿ ಸಮುದಾಯ ಆರೋಗ್ಯ ನರ್ಸಿಂಗನ್ನೇ ವಿಶೇಷ ವಿಷಯವಾಗಿ ಆರಿಸಿಕೊಳ್ಳುವ ಅವಕಾಶವಿದೆ.

ಈ ಕ್ಷೇತ್ರಕ್ಕೆ ಹೊಸ ತಿರುವು ಬಂದದ್ದು 2018ರಲ್ಲಿ. ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಿ, ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಎಂಬ ಹುದ್ದೆ ನಿರ್ಮಿಸಲಾಯಿತು (2023ರಲ್ಲಿ ಈ ಕೇಂದ್ರಗಳಿಗೆ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಹೆಸರು ಬದಲಾಯಿತು). ಮೂವತ್ತು ದಾಟಿದವರ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರುಗಳ ತಪಾಸಣೆ ಈ ಅಧಿಕಾರಿಯ ಮುಖ್ಯ ಕೆಲಸಗಳಲ್ಲೊಂದು. ಮೊದಮೊದಲು ಇದಕ್ಕೆಂದು ಆರು ತಿಂಗಳ ಪ್ರತ್ಯೇಕ ತರಬೇತಿ ಇತ್ತು. ಈಗ ಆ ಪಾಠಗಳನ್ನು ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದೊಳಕ್ಕೇ ಸೇರಿಸಲಾಗಿದೆ. ಅಂದರೆ ಕಾಲೇಜಿನಲ್ಲಿ ಈ ವಿಷಯವನ್ನು ಅರೆಬರೆ ಕಲಿತ ಪದವೀಧರೆ ನಾಳೆ ಕೆಲವು ಸಾವಿರ ಜನರಿಗೆ ಮೊದಲ ಆಸರೆಯಾಗಿ ಕೂರಬೇಕಾದೀತು.

ಅರೆಬರೆ ಕಲಿಯುವ ಅಪಾಯ ಇದೆಯೆ? ಖಂಡಿತ ಇದೆ. ಕರ್ನಾಟಕದಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಬರವಿಲ್ಲ. ಖರ್ಚು ಉಳಿಸಲು ಹೊರಟ ಸಂಸ್ಥೆ ಮೊದಲು ಕತ್ತರಿ ಹಾಕುವುದು ಹಳ್ಳಿಯ ಭೇಟಿಗೆ. ಬೆಳಿಗ್ಗೆ ಬಸ್ಸಿನಲ್ಲಿ ಕರೆದೊಯ್ದು, ಶಾಲೆಯ ಜಗಲಿಯಲ್ಲಿ ಬ್ಯಾನರ್ ಕಟ್ಟಿ ಫೋಟೊ ತೆಗೆಸಿ, ಮಧ್ಯಾಹ್ನದೊಳಗೆ ವಾಪಸು. ಕುಟುಂಬ ಅಧ್ಯಯನದ ದಾಖಲೆ ಪುಸ್ತಕ ಹಾಸ್ಟೆಲಿನಲ್ಲಿ ಹಿರಿಯರ ಪುಸ್ತಕ ನೋಡಿ ಭರ್ತಿಯಾಗುತ್ತದೆ. ಹಾಗಾಗಿ ವರ್ಷವರ್ಷವೂ ಅದೇ ಊರು, ಅದೇ 'ನಾಲ್ಕು ಜನರ ಕುಟುಂಬ', ಅದೇ ರಕ್ತದೊತ್ತಡ! ಪಾಲಕರು ಕಟ್ಟಡ, ಪ್ರಯೋಗಾಲಯ, ಕ್ಯಾಂಪಸ್ ಸಂದರ್ಶನಗಳ ಬಗ್ಗೆ ವಿಚಾರಿಸುವಾಗ ಇದನ್ನೂ ಕೇಳಬೇಕು: ನಿಮ್ಮ ಕಾಲೇಜಿಗೆ ಸೇರಿದ ಹಳ್ಳಿಗಳು ಯಾವುವು? ವಿದ್ಯಾರ್ಥಿಗಳು ಅಲ್ಲಿ ಎಷ್ಟು ವಾರ ಇರುತ್ತಾರೆ? ಜೊತೆಗೆ ಅಧ್ಯಾಪಕಿಯರು ಹೋಗುತ್ತಾರೆಯೇ? ಸಾಧ್ಯವಾದರೆ ಆ ಊರಿನ ಅಂಗನವಾಡಿ ಕಾರ್ಯಕರ್ತೆಯನ್ನೋ ಆಶಾ ಕಾರ್ಯಕರ್ತೆಯನ್ನೋ ಒಮ್ಮೆ ವಿಚಾರಿಸುವುದು ಇನ್ನೂ ಒಳ್ಳೆಯದು. ನಿಜ ಅಲ್ಲಿ ಬೇಗ ಸಿಗುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ನರ್ಸಿಂಗ್ ವಿಭಾಗ ಸುತ್ತಲಿನ ಹಳ್ಳಿಗಳಲ್ಲಿ ತನ್ನದೇ ಸಮುದಾಯ ಆರೋಗ್ಯ ಕಾರ್ಯಕ್ರಮ ನಡೆಸುತ್ತ ಬಂದಿದೆ. ಅಂಥ ವ್ಯವಸ್ಥೆ ಎಲ್ಲ ಕಡೆ ಸಾಧ್ಯವಾಗದಿರಬಹುದು, ಆದರೆ ಅಳತೆಗೋಲಾಗಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಇಂಗ್ಲಿಷಿಗೆ ಹೆದರಿ ಈ ಕೋರ್ಸಿನಿಂದ ಹಿಂದೆ ಸರಿಯುವ ಕನ್ನಡ ಮಾಧ್ಯಮದ ಮಕ್ಕಳಿಗೆ ಇಲ್ಲಿ ಒಂದು ಮೇಲುಗೈ ಇದೆ. ಪಠ್ಯಪುಸ್ತಕ ಇಂಗ್ಲಿಷಿನಲ್ಲಿರುವುದು ನಿಜ, ಮೊದಲ ವರ್ಷ ಕಷ್ಟವೂ ಹೌದು. ಆದರೆ ರಾಜ್ಯದ ಕಾಲೇಜುಗಳಿಗೆ ಹೊರಗಿನಿಂದ, ಮುಖ್ಯವಾಗಿ ಕೇರಳದಿಂದ, ಬಂದು ಚೆನ್ನಾಗಿ ಓದುವ ವಿದ್ಯಾರ್ಥಿಗಳು ತಡವರಿಸುವುದು ಹಳ್ಳಿಯ ಹೊಸ್ತಿಲಲ್ಲಿ. 'ಸುಸ್ತು', 'ಸಂಕಟ', 'ತಲೆ ಗಿರ್ ಅಂತದೆ' ಎಂಬ ಮಾತುಗಳ ಹಿಂದಿನ ಕಾಯಿಲೆಯನ್ನು ಹಿಡಿಯಲು ಆ ಭಾಷೆಯಲ್ಲೇ ಬೆಳೆದವರಿಗೆ ಹೆಚ್ಚು ಹೊತ್ತು ಬೇಕಿಲ್ಲ.

ಕ್ಷೇತ್ರದ ಅವಧಿ ಮುಗಿಯುವಾಗಲೂ ಒಂದು ಕ್ರಮವಿದೆ. ತಾನು ನೋಡಿಕೊಂಡ ಕುಟುಂಬಕ್ಕೆ ಇನ್ನು ಬರುವುದಿಲ್ಲವೆಂದು ವಿದ್ಯಾರ್ಥಿನಿ ಮುಂಚೆಯೇ ತಿಳಿಸಬೇಕು. ಮಗುವಿಗೆ ಯಾವ ಲಸಿಕೆ ಬಾಕಿ ಇದೆ, ಅಜ್ಜನ ರಕ್ತದೊತ್ತಡದ ಗುಳಿಗೆ ಯಾವ ತಾರೀಖಿಗೆ ಮುಗಿಯುತ್ತದೆ ಎಂಬುದನ್ನು ಬರೆದು ಆ ಮನೆಯ ಕಡತವನ್ನು ಉಪಕೇಂದ್ರದ ಸಿಸ್ಟರ್ ಕೈಗೆ ಒಪ್ಪಿಸಬೇಕು.