ಬಾನುಲಿ ನಿಲಯಗಳ ಹಾಡು ಮತ್ತು ಹೆಸರು

ಬಾನುಲಿ ನಿಲಯಕ್ಕೆ ಎರಡು ಗುರುತುಗಳುಂಟು. ಒಂದು ಅದರ ಹೆಸರು. ಇನ್ನೊಂದು ಅದು ದಿನವೆಲ್ಲ ಕೇಳಿಸುವ ಹಾಡು. ಇವೆರಡೂ ಸ್ಥಿರವಲ್ಲ. ಇವು ಬದಲಾಗುವುದು ಯಾರ ಇಚ್ಛೆಯಿಂದ, ಯಾವ ಕಾರಣದಿಂದ ಎಂಬುದನ್ನು ಸಂಖದಂಥ ಗಡಿಗ್ರಾಮದವರು ವಿಚಾರಿಸುವುದು ಅವಶ್ಯ. ನಮ್ಮ ಮಕ್ಕಳ ಕಿವಿಗೆ ದಿನವೂ ಬೀಳುವ ಭಾಷೆಯ ಪ್ರಶ್ನೆಯು ಇದರಲ್ಲಿ ಅಡಗಿದೆ.

ಮೊದಲು ಹೆಸರಿನ ಮಾತು. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ನಿಲಯವನ್ನು ಸ್ಥಾಪಿಸಿದರು. ಅದೇ ‘ಆಕಾಶವಾಣಿ’. 1950ರಲ್ಲಿ ಆ ನಿಲಯವು ಆಲ್ ಇಂಡಿಯಾ ರೇಡಿಯೋದಲ್ಲಿ ಸೇರಿಹೋಯಿತು. ಆದರೆ ಹೆಸರು ಅಳಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಅದು ಇಡೀ ರಾಷ್ಟ್ರದ ಬಾನುಲಿಗೆ ಸಂದಿತು.

ಹಾಡಿನ ಕಥೆ ಬೇರೆ. 1952ರಲ್ಲಿ ಪ್ರಸಾರಖಾತೆಯ ಮಂತ್ರಿಗಳಾದ ಬಿ. ವಿ. ಕೇಸ್ಕರರು ಶಾಸ್ತ್ರೀಯ ಸಂಗೀತಕ್ಕೆ ಅಗ್ರಸ್ಥಾನವಿತ್ತು ಚಿತ್ರಗೀತೆಗಳನ್ನು ಹಿಂದೆ ಸರಿಸಿದರು. ಕೇಳುಗರು ಚರ್ಚೆಗೆ ನಿಲ್ಲಲಿಲ್ಲ. ಗುಂಡಿ ತಿರುಗಿಸಿ ರೇಡಿಯೋ ಸಿಲೋನಿಗೆ ಹೋದರು. ಹೋದವರನ್ನು ಮರಳಿ ಕರೆತರಲೆಂದೇ 1957ರ ಅಕ್ಟೋಬರ್ 3ರಂದು ‘ವಿವಿಧ ಭಾರತಿ’ ಹುಟ್ಟಿತು. 1967ರಲ್ಲಿ ಅದರಲ್ಲಿ ಜಾಹೀರಾತು ಬಂದಿತು. ಅಲ್ಲಿಂದ ಹಾಡಿಗೂ ಹಣಕ್ಕೂ ನಂಟು ಬೆಳೆಯಿತು.

ಖಾಸಗಿ ಎಫ್‌.ಎಂ. ನಿಲಯಗಳಲ್ಲಿ ಈ ನಂಟೇ ಜೀವಾಳ. 2001ರಲ್ಲಿ ಬೆಂಗಳೂರಿನಲ್ಲಿ ರೇಡಿಯೋ ಸಿಟಿ ಆರಂಭವಾದಾಗ ಅಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳದೇ ಮೇಲುಗೈ. ಕಾಲಕ್ರಮದಲ್ಲಿ ಅದೂ ಇತರ ಕೆಲವು ನಿಲಯಗಳೂ ಕನ್ನಡಕ್ಕೆ ಹೊರಳಿದವು. ಎಸ್‌ ಎಫ್‌.ಎಂ. ಎಂಬುದು ಹೆಸರನ್ನೇ ಬಿಟ್ಟು ರೆಡ್‌ ಎಫ್‌.ಎಂ. ಆಯಿತು. ಸರಕಾರವು ಪರವಾನಿಗೆ ಕೊಡುವುದು ಊರಿಗೆ ಮತ್ತು ತರಂಗಾಂತರಕ್ಕೆ. ಹಾಡಿನ ಭಾಷೆ ಯಾವುದೆಂಬುದನ್ನು ಕಂಪನಿಯೇ ನಿಶ್ಚಯಿಸುತ್ತದೆ. ಎಷ್ಟು ಜನ ಕೇಳುತ್ತಾರೆಂಬ ಲೆಕ್ಕ ನೋಡಿ ವ್ಯಾಪಾರಿಯು ಜಾಹೀರಾತು ಕೊಡುತ್ತಾನೆ. ಲೆಕ್ಕ ಇಳಿದರೆ ಹಾಡು ಬದಲಾಗುತ್ತದೆ, ಹಾಡಿನಿಂದ ಸಾಲದಿದ್ದರೆ ಹೆಸರೂ ಬದಲಾಗುತ್ತದೆ.

ಈ ಲೆಕ್ಕದಲ್ಲಿ ನಾವೆಲ್ಲಿದ್ದೇವೆ? ‘ರ್‍ಯಾಮ್’ ಎಂಬ ಶ್ರೋತೃಗಣನೆ ನಡೆದದ್ದು ದಿಲ್ಲಿ, ಮುಂಬಯಿ, ಕೋಲ್ಕತ್ತ, ಬೆಂಗಳೂರುಗಳಲ್ಲಿ. ಜತ್ತ ತಾಲೂಕಿನ ಕೇಳುಗನು ಎಣಿಕೆಗೇ ಬಾರದವನು. ಇದರ ಮೇಲೆ ತರಂಗದ ಸ್ವಭಾವವೂ ಸೇರಿದೆ. ಮಧ್ಯಮ ತರಂಗವು ರಾತ್ರಿ ಆಗಸದಲ್ಲಿ ಪ್ರತಿಫಲಿಸಿ ನೂರಾರು ಮೈಲಿ ಹೋಗುತ್ತದೆ. 1950ರಲ್ಲಿ ಪ್ರಾರಂಭವಾದ ಧಾರವಾಡ ನಿಲಯದ ಕನ್ನಡವು ರಾಜ್ಯದ ಗಡಿಯನ್ನು ದಾಟಿ ಬರಲು ಇದೇ ಕಾರಣ. 88ರಿಂದ 108 ಮೆಗಾಹರ್ಟ್ಸ್‌ವರೆಗಿನ ಎಫ್‌.ಎಂ. ತರಂಗವಾದರೋ ಹೆಚ್ಚುಕಡಿಮೆ ನೇರವಾಗಿಯೇ ಚಲಿಸುತ್ತದೆ; ಗುಡ್ಡ ಅಡ್ಡ ಬಂದರೆ ಕ್ಷೀಣಿಸುತ್ತದೆ. ಸಂಖಕ್ಕೆ ಸಾಂಗಲಿಗಿಂತ ವಿಜಯಪುರವೇ ಸಮೀಪ. ಆದರೂ ಗೋಪುರದ ಎತ್ತರ ಮತ್ತು ಯಂತ್ರದ ಶಕ್ತಿಗಳೇ ನಾವು ಏನು ಕೇಳಬೇಕೆಂಬುದನ್ನು ಗೊತ್ತುಮಾಡುತ್ತವೆ.

ಮರಾಠಿಯ ಅಭಂಗವೂ ಭಾವಗೀತವೂ ನಮಗೆ ಪರಕೀಯವಲ್ಲ. ಅವುಗಳನ್ನು ಕೇಳುವುದು ನಮ್ಮ ಭಾಗ್ಯವೇ. ಆದರೆ ಮನೆಯ ಮಾತು ಯಂತ್ರದಿಂದ ಎಂದೂ ಕೇಳಿಸದಿದ್ದರೆ, ಅದು ಮನೆಯೊಳಗಣ ಮಾತು ಮಾತ್ರ ಎಂಬ ಭಾವನೆ ಮಗುವಿನಲ್ಲಿ ಬೇರೂರುತ್ತದೆ. ಕನ್ನಡ ಶಾಲೆಯ ಪಟದ ಮೇಲೆ ಇದರ ಪರಿಣಾಮ ಆಗದಿರದು.

ಇದಕ್ಕೆ ಉಪಾಯವಿಲ್ಲದಿಲ್ಲ. ಸಮುದಾಯ ಬಾನುಲಿಗೆ 2002ರಿಂದ ಶಿಕ್ಷಣ ಸಂಸ್ಥೆಗಳಿಗೂ 2006ರಿಂದ ನೋಂದಾಯಿತ ಸೇವಾಸಂಸ್ಥೆಗಳಿಗೂ ಅವಕಾಶವಿದೆ. ಇದರ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್; ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಸ್ಥಳೀಯವಾಗಿ ಸಿದ್ಧವಾಗಬೇಕೆಂಬುದು ನಿಯಮ. ಧಾರವಾಡದ ಕೃಷಿ ವಿಶ್ವವಿದ್ಯಾಲಯವು 2007ರಲ್ಲಿ ಇಂಥ ನಿಲಯವನ್ನು ಆರಂಭಿಸಿತು. ಇಲ್ಲಿ ಹಾಡನ್ನು ಗೊತ್ತುಮಾಡುವುದು ಜಾಹೀರಾತಲ್ಲ, ಊರು.

ನಿಲಯ ಕಟ್ಟುವುದಕ್ಕೆ ಹಣವೂ ಕಾಲವೂ ಬೇಕು, ನಿಜ. ಆದರೆ ಹಾಡುಗಳ ಸಂಗ್ರಹವು ಅದಕ್ಕಾಗಿ ಕಾಯಬೇಕಾಗಿಲ್ಲ. ಬೀಸುವ ಪದ, ಡೊಳ್ಳಿನ ಪದ, ಭಜನೆಗಳನ್ನು ಹಿರಿಯರ ಬಾಯಿಂದ ಕೇಳಿ, ಹಾಡಿದವರ ಹೆಸರು, ಊರುಗಳೊಡನೆ ಧ್ವನಿಮುದ್ರಿಸಿಡುವ ಕೆಲಸವನ್ನು ಪ್ರತಿಯೊಂದು ಶಾಲೆಯೂ ಈ ವರ್ಷವೇ ಕೈಕೊಳ್ಳಬಹುದು. ಅಂತೆಯೇ ಕೇಳುಗರ ಪತ್ರಗಳು ನಿಲಯಗಳಿಗೆ ಹೋಗುತ್ತಿರಲಿ. ಗಣನೆಗೆ ಬಾರದವರು ತಾವಿದ್ದೇವೆಂದು ತಿಳಿಸುವ ಮಾರ್ಗ ಅದೊಂದೇ.