ಗಿರಣಿಯಿಂದ ಗಗನಕ್ಕೆ: ವಲೆಂಟೀನಾ ಬಚ್ಚಿಟ್ಟ ಮಾತು

ಮಗಳು ಪ್ಯಾರಾಚೂಟ್ ತರಬೇತಿಗೆ ಹೋಗಿದ್ದಾಳೆಂದೇ ಆ ತಾಯಿ ನಂಬಿದ್ದರು. ಮಗಳು ಹೇಳಿ ಹೋದದ್ದೂ ಹಾಗೆಯೇ. ಆದರೆ 1963ರ ಜೂನ್ 16ರಂದು ಸೋವಿಯತ್ ಸರಕಾರ ಒಂದು ಸುದ್ದಿಯನ್ನು ಪ್ರಸಾರ ಮಾಡಿತು. ಜಗತ್ತಿನ ಮೊದಲ ಮಹಿಳಾ ಗಗನಯಾತ್ರಿ ಭೂಮಿಗೆ ಸುತ್ತು ಬರುತ್ತಿದ್ದಾಳೆ, ಆಕೆಯ ಹೆಸರು ವಲೆಂಟೀನಾ ತೆರೆಶ್ಕೋವಾ! ತನ್ನ ಮಗಳು ಭೂಮಿಯ ಮೇಲೆಯೇ ಇಲ್ಲ ಎಂಬುದು ಎಲೆನಾ ಅವರಿಗೆ ತಿಳಿದದ್ದು ಆಗಲೇ.

ಓದುಗ ಸಹೋದರಿಯರೇ, ಮಕ್ಕಳು ಶಾಲೆಯಿಂದ ಬರಲು ಅರ್ಧ ಗಂಟೆ ತಡವಾದರೆ ಬಾಗಿಲಲ್ಲಿ ನಿಂತು ದಾರಿ ನೋಡುವವರು ನಾವು. ಆ ತಾಯಿಯ ಎದೆ ಹೇಗೆ ಹೊಡೆದುಕೊಂಡಿರಬೇಕೆಂದು ನೀವೇ ಊಹಿಸಿ. ಮಗಳನ್ನು ದೂರಲೂ ಆಗದು. ಎಲ್ಲವನ್ನೂ ಗುಟ್ಟಾಗಿಡಬೇಕೆಂಬುದು ಸರಕಾರದ ಕಟ್ಟಪ್ಪಣೆಯಾಗಿತ್ತು.

ಇಂದು ಬಾಹ್ಯಾಕಾಶ ಯಾತ್ರೆಯ ಸುದ್ದಿ ಪತ್ರಿಕೆಯ ಒಳಪುಟ ಸೇರುವಷ್ಟು ಸಾಮಾನ್ಯವಾಗಿದೆ. ಆದರೆ ಆ ಮೊದಲ ದಿನಗಳು ಹಾಗಿರಲಿಲ್ಲ.

ಮೊದಲ ಹೆಜ್ಜೆಗಳು

1957ರ ಅಕ್ಟೋಬರ್ 4ರಂದು ಸೋವಿಯತ್ ರಷ್ಯಾ ಸ್ಪುಟ್ನಿಕ್ ಎಂಬ ಮೊದಲ ಕೃತಕ ಉಪಗ್ರಹವನ್ನು ಹಾರಿಸಿತು. ಒಂದು ತಿಂಗಳೊಳಗೆ ಲೈಕಾ ಎಂಬ ನಾಯಿಯನ್ನು ಕಳುಹಿಸಿತು. ಆ ಬಡ ಪ್ರಾಣಿಯನ್ನು ಮರಳಿ ತರುವ ಏರ್ಪಾಡೇ ಇರಲಿಲ್ಲ. 1961ರ ಏಪ್ರಿಲ್ 12ರಂದು ಬಡಗಿಯೊಬ್ಬರ ಮಗ, 27ರ ಹರೆಯದ ಯೂರಿ ಗಗಾರಿನ್, 108 ನಿಮಿಷಗಳಲ್ಲಿ ಭೂಮಿಗೆ ಒಂದು ಸುತ್ತು ಹಾಕಿ ಇಳಿದರು. ಮೂರು ವಾರಗಳ ಬಳಿಕ ಅಮೆರಿಕದ ಅಲನ್ ಶೆಪರ್ಡ್ 15 ನಿಮಿಷಗಳ ಕಿರು ಹಾರಾಟ ನಡೆಸಿದರು. 1962ರ ಫೆಬ್ರವರಿಯಲ್ಲಿ ಜಾನ್ ಗ್ಲೆನ್ ಭೂಮಿಗೆ ಮೂರು ಸುತ್ತು ಹಾಕಿದರು. ಅವರ ಹಾರಾಟದ ಪಥವನ್ನು ಕಂಪ್ಯೂಟರ್ ಲೆಕ್ಕ ಹಾಕಿತ್ತು. ಆದರೂ ಅದನ್ನು ಕೈಯಲ್ಲಿ ಲೆಕ್ಕ ಮಾಡಿ ಪರೀಕ್ಷಿಸಿದವರು ಕ್ಯಾಥರೀನ್ ಜಾನ್ಸನ್ ಎಂಬ ಕಪ್ಪು ಮಹಿಳೆ.

ಈ ಪೈಪೋಟಿಗೆ ಪ್ರಾಣದ ಬೆಲೆಯೂ ತೆರಬೇಕಾಯಿತು. ಗಗಾರಿನ್ ಹಾರುವುದಕ್ಕೆ ಮೂರು ವಾರ ಮೊದಲು ವಲೆಂಟಿನ್ ಬೊಂಡರೆಂಕೋ ಎಂಬ ತರುಣ ತರಬೇತಿ ಕೋಣೆಗೆ ಬೆಂಕಿ ಹತ್ತಿ ಮೃತಪಟ್ಟರು. ಆ ಸಾವು 1986ರವರೆಗೆ ಹೊರ ಜಗತ್ತಿಗೆ ತಿಳಿಯಲಿಲ್ಲ. ವಲೆಂಟೀನಾ ಕಾಲಿಟ್ಟದ್ದು ಇಂತಹ ಗುಟ್ಟುಗಳ ಲೋಕಕ್ಕೆ.

ತಂದೆಯಿಲ್ಲದ ಮನೆ

1937ರ ಮಾರ್ಚ್ 6ರಂದು ಯಾರೊಸ್ಲಾವ್ಲ್ ಪ್ರಾಂತ್ಯದ ಒಂದು ಹಳ್ಳಿಯಲ್ಲಿ ಆಕೆಯ ಜನನ. ತಂದೆ ಟ್ರ್ಯಾಕ್ಟರ್ ಚಾಲಕ. ಫಿನ್‌ಲ್ಯಾಂಡ್ ಜೊತೆಗಿನ ಯುದ್ಧಕ್ಕೆ ಹೋದವರು ಮರಳಿ ಬರಲಿಲ್ಲ. ಆಗ ವಲೆಂಟೀನಾ ಪುಟ್ಟ ಮಗು. ಒಬ್ಬಳು ಅಕ್ಕ, ಒಬ್ಬ ತಮ್ಮ. ಮೂವರು ಮಕ್ಕಳನ್ನು ಕಟ್ಟಿಕೊಂಡ ತಾಯಿ ಬಟ್ಟೆ ಗಿರಣಿಯಲ್ಲಿ ದುಡಿದು ಸಂಸಾರ ಸಾಗಿಸಿದರು.

ಬಡತನ ಆಕೆಯನ್ನು ಹದಿಹರೆಯದಲ್ಲೇ ದುಡಿಮೆಗೆ ಹಚ್ಚಿತು. ಮೊದಲು ಟಯರ್ ಕಾರ್ಖಾನೆ, ಆಮೇಲೆ ತಾಯಿಯಂತೆ ಬಟ್ಟೆ ಗಿರಣಿ. ಆದರೆ ಓದು ಬಿಡಲಿಲ್ಲ. ಹಗಲು ದುಡಿಮೆ, ಉಳಿದ ಹೊತ್ತಿನಲ್ಲಿ ಅಂಚೆ ಮೂಲಕ ಶಿಕ್ಷಣ. ಇದರ ನಡುವೆ ಊರಿನ ವಿಮಾನ ಕ್ಲಬ್ಬು ಸೇರಿ 1959ರ ಮೇ ತಿಂಗಳಲ್ಲಿ ಮೊದಲ ಬಾರಿ ಪ್ಯಾರಾಚೂಟ್ ಕಟ್ಟಿಕೊಂಡು ಆಕಾಶದಿಂದ ಜಿಗಿದಳು. ಮನೆಯವರಿಗೆ ಅದೂ ಗೊತ್ತಿರಲಿಲ್ಲ.

ಈ ಹವ್ಯಾಸವೇ ಆಕೆಯ ಬಾಳನ್ನು ತಿರುಗಿಸಿತು. ಅಂದಿನ ವೊಸ್ಟೊಕ್ ನೌಕೆಯಲ್ಲಿ ಕುಳಿತವರು ಮರಳುವಾಗ ನೌಕೆಯೊಂದಿಗೆ ನೆಲಕ್ಕಿಳಿಯುವಂತಿರಲಿಲ್ಲ. ಸುಮಾರು 7 ಕಿಲೋಮೀಟರ್ ಎತ್ತರದಲ್ಲಿ ಆಸನ ಸಮೇತ ಹೊರಗೆ ಚಿಮ್ಮಿ ಪ್ಯಾರಾಚೂಟ್‌ನಲ್ಲಿ ಇಳಿಯಬೇಕಿತ್ತು. ನೌಕೆಯ ಹೆಚ್ಚಿನ ಕೆಲಸ ತಾನಾಗಿಯೇ ನಡೆಯುತ್ತಿತ್ತು. ಆದುದರಿಂದ ವಿಮಾನ ಹಾರಿಸಲು ಬಾರದಿದ್ದರೂ ಪ್ಯಾರಾಚೂಟ್ ಬಲ್ಲವರು ಬೇಕಾಗಿದ್ದರು.

1962ರಲ್ಲಿ ನೂರಾರು ಮಂದಿಯೊಳಗಿಂದ ಐವರು ಮಹಿಳೆಯರು ಆಯ್ಕೆಯಾದರು. ಅವರಲ್ಲಿ ವಲೆಂಟೀನಾ ಪೊನೊಮರ್ಯೋವಾ ಎಂಬಾಕೆ ಒಂದು ಮಗುವಿನ ತಾಯಿ, ವಿಮಾನ ಹಾರಿಸಬಲ್ಲ ಇಂಜಿನಿಯರ್. ಆದರೆ ಆಯ್ಕೆ ನಿಂತದ್ದು ವಿದ್ಯೆಯೊಂದರ ಮೇಲೆ ಅಲ್ಲ. ಗಿರಣಿ ಕಾರ್ಮಿಕಳ, ಯುದ್ಧದಲ್ಲಿ ಮಡಿದ ಸೈನಿಕನ ಮಗಳನ್ನು ಜಗತ್ತಿಗೆ ತೋರಿಸುವುದು ಅಲ್ಲಿನ ನಾಯಕರಿಗೆ ಬೇಕಾಗಿತ್ತು. ಆದರೂ ತರಬೇತಿಯಲ್ಲಿ ರಿಯಾಯಿತಿ ಸಿಗಲಿಲ್ಲ. ಗರಗರ ತಿರುಗುವ ಯಂತ್ರ, ಕಾದ ಕೋಣೆ, ದಿನಗಟ್ಟಲೆ ಒಂಟಿಯಾಗಿ ಕೂಡಿ ಹಾಕುವ ಕೋಣೆ, ಎಲ್ಲವನ್ನೂ ಆಕೆ ದಾಟಿದಳು.

ಮೂರು ದಿನ, 48 ಸುತ್ತು

ಜೂನ್ 14ರಂದು ವಲೆರಿ ಬೈಕೋವ್‌ಸ್ಕಿ ವೊಸ್ಟೊಕ್-5ರಲ್ಲಿ ಹಾರಿದರು. ಎರಡು ದಿನಗಳ ಬಳಿಕ ವೊಸ್ಟೊಕ್-6ರಲ್ಲಿ ವಲೆಂಟೀನಾ. ಆಕೆಗಿಟ್ಟ ಸಂಕೇತ ನಾಮ 'ಚೈಕಾ', ಅಂದರೆ ಕಡಲಹಕ್ಕಿ. ಎರಡೂ ನೌಕೆಗಳು ಒಂದು ಹಂತದಲ್ಲಿ ಸುಮಾರು 5 ಕಿಲೋಮೀಟರ್‌ನಷ್ಟು ಹತ್ತಿರ ಬಂದವು.

ಹೊರಗಿನವರಿಗೆ ಕಂಡದ್ದು ನಗುಮುಖದ ಹುಡುಗಿ. ಒಳಗಿನ ಕಥೆ ಬೇರೆಯೇ ಇತ್ತು. ಕೈಕಾಲು ಆಡಿಸಲೂ ಎಡೆಯಿಲ್ಲದ ನೌಕೆ, ಮೈಗೆ ಬಿಗಿದ ಉಡುಪು, ನೋಯಿಸುವ ಶಿರಸ್ತ್ರಾಣ, ವಾಕರಿಕೆ. ಹಲ್ಲುಜ್ಜುವ ಪೇಸ್ಟ್ ಇಟ್ಟವರು ಬ್ರಷ್ ಇಡಲು ಮರೆತಿದ್ದರು! ವರ್ಷಗಳ ಬಳಿಕ ಆಕೆ ಇದನ್ನು ನಗುತ್ತಲೇ ನೆನಪಿಸಿಕೊಂಡಿದ್ದರು.

ಆದರೆ ನಗುವ ವಿಷಯವಲ್ಲದ್ದು ಇನ್ನೊಂದಿತ್ತು. ಭೂಮಿಗೆ ಮರಳಬೇಕಾದರೆ ನೌಕೆಯು ತಾನು ಸಾಗುವ ದಿಕ್ಕಿಗೆ ವಿರುದ್ಧವಾಗಿ ಇಂಜಿನ್ ಉರಿಸಿ ವೇಗ ತಗ್ಗಿಸಬೇಕು. ಆಗ ಅದು ಕೆಳಗಿಳಿಯುತ್ತದೆ. ಅದರ ಬದಲು ಸಾಗುವ ದಿಕ್ಕಿಗೇ ದೂಡಿದರೆ ವೇಗ ಹೆಚ್ಚಿ ಇನ್ನೂ ಮೇಲಕ್ಕೇರುತ್ತದೆ. ವೊಸ್ಟೊಕ್-6ಕ್ಕೆ ಕೊಟ್ಟ ಆದೇಶದಲ್ಲಿ ಆಗಿದ್ದ ತಪ್ಪು ಇದೇ. ಹಾಗೆಯೇ ಬಿಟ್ಟಿದ್ದರೆ ಇಳಿಯುವ ಹೊತ್ತಿಗೆ ನೌಕೆ ಭೂಮಿಯಿಂದ ದೂರ ಸರಿಯುತ್ತಿತ್ತು. ಒಳಗಿನ ಗಾಳಿ, ಆಹಾರ ಕೆಲವೇ ದಿನಗಳಿಗೆ ಸಾಲುವಷ್ಟು. ಆಕೆ ಬದುಕಿ ಬರುವುದು ಸಾಧ್ಯವಿರಲಿಲ್ಲ.

ಈ ತಪ್ಪನ್ನು ಮೊದಲ ದಿನವೇ ಗುರುತಿಸಿ ಭೂಮಿಗೆ ತಿಳಿಸಿದ್ದು ಸ್ವತಃ ವಲೆಂಟೀನಾ. ಕೆಳಗಿನವರು ಹೊಸ ಲೆಕ್ಕ ಹಾಕಿ ಕಳುಹಿಸಿದರು. ಆಕೆ ಅದನ್ನು ನೌಕೆಗೆ ತುಂಬಿಸಿದಳು. ಮುಖ್ಯ ವಿನ್ಯಾಸಕ ಸೆರ್ಗೆಯ್ ಕೊರೊಲ್ಯೋವ್, ಈ ವಿಷಯ ಯಾರಿಗೂ ಹೇಳಬೇಡವೆಂದು ಕೇಳಿಕೊಂಡರು. ಆಕೆ ಮಾತು ಕೊಟ್ಟಳು.

ಜೂನ್ 19ರಂದು ಅಲ್ತಾಯ್ ಪ್ರಾಂತ್ಯದ ಬಯಲಿನಲ್ಲಿ ಆಕೆ ಇಳಿದಾಗ ಮುಖಕ್ಕೆ ಪೆಟ್ಟಾಗಿತ್ತು. ಓಡಿ ಬಂದ ಹಳ್ಳಿಗರು ಉಡುಪು ಬಿಚ್ಚಲು ನೆರವಾದರು, ತಮ್ಮ ಊಟ ಹಂಚಿಕೊಂಡರು. ಆಕೆ ತನ್ನಲ್ಲಿ ಉಳಿದಿದ್ದ ಆಹಾರವನ್ನು ಅವರಿಗೆ ಕೊಟ್ಟಳು. ಪರೀಕ್ಷೆಗೆ ಮೊದಲೇ ಉಂಡದ್ದಕ್ಕೆ ಅಧಿಕಾರಿಗಳಿಂದ ಗದರಿಕೆಯೂ ಸಿಕ್ಕಿತು. ಒಟ್ಟು 70 ಗಂಟೆ 50 ನಿಮಿಷ, 48 ಸುತ್ತು. ಅದುವರೆಗಿನ ಅಮೆರಿಕದ ಎಲ್ಲ ಗಗನಯಾತ್ರಿಗಳ ಹಾರಾಟದ ಸಮಯವನ್ನು ಕೂಡಿಸಿದರೂ ಅಷ್ಟಾಗುತ್ತಿರಲಿಲ್ಲ!

ಮೌನದ ಬೆಲೆ

ಸಹೋದರಿಯರೇ, ಮುಂದಿನದ್ದನ್ನು ಗಮನವಿಟ್ಟು ಓದಿ. ಹಾರಾಟದ ಬಳಿಕ ಆಕೆಯ ಮೇಲೆ ಗೊಣಗಾಟ ಶುರುವಾಯಿತು. ಒಪ್ಪಿಸಿದ ಪ್ರಯೋಗಗಳನ್ನೆಲ್ಲ ಮುಗಿಸಲಿಲ್ಲ, ಅಸ್ವಸ್ಥಳಾದಳು, ಹೆಂಗಸರಿಂದ ಇದು ಆಗುವ ಕೆಲಸವಲ್ಲ ಎಂಬ ಮಾತುಗಳು ಹಬ್ಬಿದವು. ನೌಕೆಗೆ ತಪ್ಪು ಆದೇಶ ಕೊಟ್ಟವರು ಯಾರು, ಅದನ್ನು ಕಂಡು ಹಿಡಿದವಳು ಯಾರು ಎಂದು ಹೇಳಿಬಿಟ್ಟಿದ್ದರೆ ಅನೇಕರ ಬಾಯಿ ಮುಚ್ಚುತ್ತಿತ್ತು. ಆಕೆ ಹೇಳಲಿಲ್ಲ. ಕೊರೊಲ್ಯೋವ್ 1966ರಲ್ಲಿ ತೀರಿಕೊಂಡ ಮೇಲೂ ಹೇಳಲಿಲ್ಲ. ಸುಮಾರು ನಾಲ್ಕು ದಶಕಗಳ ಬಳಿಕ, ಆ ಕೆಲಸದಲ್ಲಿದ್ದವರೇ ವಿಷಯವನ್ನು ಹೊರಗೆಡಹಿದಾಗಲಷ್ಟೇ ಆಕೆ ಬಾಯಿ ತೆರೆದರು.

ಈ ನಡುವೆ 1969ರಲ್ಲಿ ಮಹಿಳೆಯರ ಆ ತಂಡವನ್ನೇ ವಿಸರ್ಜಿಸಲಾಯಿತು. ಉಳಿದ ನಾಲ್ವರೂ ತಯಾರಾಗಿದ್ದರು, ಹಾರಲಿಲ್ಲ. ಅಮೆರಿಕದ ಕಥೆಯೂ ಭಿನ್ನವಲ್ಲ. ಅಲ್ಲಿ ಹದಿಮೂರು ಮಹಿಳಾ ಪೈಲಟ್‌ಗಳು ಪುರುಷರಿಗೆ ನಡೆಸಿದ ವೈದ್ಯಕೀಯ ಪರೀಕ್ಷೆಗಳಲ್ಲೇ ತೇರ್ಗಡೆಯಾಗಿದ್ದರು. ಆದರೆ ಜೆಟ್ ವಿಮಾನಗಳ ಪರೀಕ್ಷಾ ಪೈಲಟ್ ಆಗಿರಬೇಕೆಂಬ ನಿಯಮವಿತ್ತು. ಆ ಕೆಲಸಕ್ಕೆ ಸೇನೆ ಮಹಿಳೆಯರನ್ನು ತೆಗೆದುಕೊಳ್ಳುತ್ತಲೇ ಇರಲಿಲ್ಲ! ಬಾಗಿಲಿಗೆ ಬೀಗ ಹಾಕಿ, ಒಳಗೆ ಯಾಕೆ ಬರಲಿಲ್ಲವೆಂದು ಕೇಳಿದಂತೆ. ಅವರಲ್ಲೊಬ್ಬರಾದ ವಾಲಿ ಫಂಕ್ 2021ರ ಜುಲೈಯಲ್ಲಿ, 82ರ ಇಳಿವಯಸ್ಸಿನಲ್ಲಿ, ಕೆಲವು ನಿಮಿಷಗಳ ಮಟ್ಟಿಗೆ ಬಾಹ್ಯಾಕಾಶ ಕಂಡರು. ಅದಕ್ಕಾಗಿ ಅವರು ಅರುವತ್ತು ವರ್ಷ ಕಾದಿದ್ದರು.

ವಲೆಂಟೀನಾ ಬಳಿಕ ಎರಡನೆಯ ಮಹಿಳೆ ಸ್ವೆತ್ಲಾನಾ ಸವಿತ್ಸ್‌ಕಾಯಾ ಹಾರಿದ್ದು 1982ರಲ್ಲಿ, ಅಂದರೆ 19 ವರ್ಷಗಳ ಬಳಿಕ. ಮರುವರ್ಷ ಅಮೆರಿಕದ ಸ್ಯಾಲಿ ರೈಡ್. 1997ರಲ್ಲಿ ನಮ್ಮ ಕರ್ನಾಲ್‌ನ ಕಲ್ಪನಾ ಚಾವ್ಲಾ. 2006ರಲ್ಲಿ ಇರಾನ್‌ನಲ್ಲಿ ಹುಟ್ಟಿದ ಅನೂಶೆ ಅನ್ಸಾರಿ. 2023ರಲ್ಲಿ ಸೌದಿ ಅರೇಬಿಯಾದ ಕ್ಯಾನ್ಸರ್ ಸಂಶೋಧಕಿ ರಯ್ಯಾನಾ ಬರ್ನಾವಿ. ಆದರೆ ಒಬ್ಬಂಟಿಯಾಗಿ ನೌಕೆಯಲ್ಲಿ ಕುಳಿತು ಭೂಮಿಗೆ ಸುತ್ತು ಬಂದ ಮಹಿಳೆ ಇಂದಿಗೂ ವಲೆಂಟೀನಾ ಒಬ್ಬರೇ.

ಹಾರಾಟದ ವರ್ಷವೇ ಆಕೆ ಗಗನಯಾತ್ರಿ ಆಂದ್ರಿಯಾನ್ ನಿಕೊಲಾಯೆವ್‌ರನ್ನು ಮದುವೆಯಾದರು. 1964ರಲ್ಲಿ ಹುಟ್ಟಿದ ಮಗಳಿಗೆ ತನ್ನ ತಾಯಿಯ ಹೆಸರನ್ನೇ ಇಟ್ಟರು, ಎಲೆನಾ. ತಾಯಿ ತಂದೆ ಇಬ್ಬರೂ ಬಾಹ್ಯಾಕಾಶಕ್ಕೆ ಹೋಗಿ ಬಂದ ಜಗತ್ತಿನ ಮೊದಲ ಮಗು ಅದು. ಮುಂದೆ ಆಕೆ ವೈದ್ಯೆಯಾದರು. ವಲೆಂಟೀನಾ ಕೂಡಾ ಕೀರ್ತಿ ಬಂತೆಂದು ಪುಸ್ತಕ ಮುಚ್ಚಿಡಲಿಲ್ಲ. ಮಗುವನ್ನು ಸಾಕುತ್ತಲೇ ಓದಿ 1969ರಲ್ಲಿ ಇಂಜಿನಿಯರಿಂಗ್ ಪದವಿ ಪಡೆದರು.

ನಮ್ಮ ಮನೆಗಳಲ್ಲೂ ತಂದೆಯಿಲ್ಲದೆ ಬೆಳೆದ, ಬೀಡಿ ಕಟ್ಟುತ್ತಲೋ ಬಟ್ಟೆ ಹೊಲಿಯುತ್ತಲೋ ಓದಿದ ಹೆಣ್ಣು ಮಕ್ಕಳಿದ್ದಾರೆ. ಅವರೆಲ್ಲ ಆಕಾಶಕ್ಕೆ ಹಾರಬೇಕೆಂದಿಲ್ಲ. ಆದರೆ ಮನೆಯಲ್ಲಿ, ಶಾಲೆಯಲ್ಲಿ, ಕಚೇರಿಯಲ್ಲಿ ಒಬ್ಬ ಹುಡುಗಿ "ಇಲ್ಲಿ ಲೆಕ್ಕ ತಪ್ಪಿದೆ" ಎಂದಾಗ, ಹೇಳಿದವಳು ಯಾರೆಂದು ನೋಡದೆ ಲೆಕ್ಕವನ್ನೇ ನೋಡೋಣ. ಅಂದು ಭೂಮಿಯಲ್ಲಿದ್ದವರು ಆಕೆಯ ಮಾತನ್ನು ಕೇಳಿದ್ದರಿಂದಲೇ ಎಲೆನಾ ಎಂಬ ಆ ತಾಯಿಗೆ ಮಗಳು ಮರಳಿ ಸಿಕ್ಕಿದಳು.